ಮಾಲು ತಲುಪಿದ ದಿನ ಯಾವುದು? ಸಣ್ಣ ಕಾರ್ಖಾನೆಯ ಬಾಕಿ ಮತ್ತು ಇಆರ್‌ಪಿ ಲೆಕ್ಕ

ಪೀಣ್ಯದ ಮಷಿನ್ ಶಾಪ್‌ನಲ್ಲಿ ಪ್ಯಾಕ್ ಆದ ಬಿಡಿಭಾಗಗಳು ಊರಾಚೆಯ ದೊಡ್ಡ ಕಾರ್ಖಾನೆಯ ಗೇಟು ತಲುಪಲು ಅರ್ಧ ದಿನ ಸಾಕು. ಅದರ ದುಡ್ಡು ಪೀಣ್ಯಕ್ಕೆ ಬರಲು ಎರಡು ತಿಂಗಳು, ಮೂರು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆಯ ಪ್ರಕಾರ ಗರಿಷ್ಠ ಅವಧಿ 45 ದಿನ. ಹಾಗಾದರೆ ಉಳಿದ ದಿನಗಳು ಎಲ್ಲಿ ಹೋದವು?

ಕೊಳ್ಳುವವರ ಬಳಿ ದುಡ್ಡಿಲ್ಲದಿರುವುದು, ದೊಡ್ಡವರ ದರ್ಪ, ಬೇಕೆಂದೇ ಸತಾಯಿಸುವುದು ಎಲ್ಲವೂ ಇದೆ. ಆದರೆ ಬಹಳಷ್ಟು ದಿನಗಳನ್ನು ಯಾರೂ ಬೇಕೆಂದು ತಡೆಹಿಡಿದಿರುವುದಿಲ್ಲ. ಪಿಒ (ಖರೀದಿ ಆದೇಶ), ಜಿಆರ್‌ಎನ್ (ಮಾಲು ಬಂದ ದಾಖಲೆ), ತ್ರೀ-ವೇ ಮ್ಯಾಚ್, ಬೇಸ್‌ಲೈನ್ ಡೇಟ್, ಪೇಮೆಂಟ್ ರನ್ (ಬಾಕಿಗಳನ್ನು ಒಟ್ಟಿಗೆ ಪಾವತಿಸುವ ಸರದಿ) ಎಂಬ ಹಂತಗಳಲ್ಲಿ ಅವು ಸೋರಿಹೋಗುತ್ತವೆ. ಇವೆಲ್ಲ ಕಂಪ್ಯೂಟರ್‌ನವರ ಭಾಷೆ, ನಮಗೇಕೆ ಎಂದುಕೊಳ್ಳುವ ಸಣ್ಣ ಕಾರ್ಖಾನೆ ಮಾಲೀಕರು ಇನ್ನೂ ಬಹಳ ಜನ ಇದ್ದಾರೆ. ತಮ್ಮ ದುಡ್ಡು ಯಾವ ದಿನ ಸಾಲವಾಗಿ ಹುಟ್ಟುತ್ತದೆ, ಯಾವ ದಿನ ಬಾಕಿಯಾಗುತ್ತದೆ ಎಂಬುದನ್ನು ತೀರ್ಮಾನಿಸುವುದು ಈ ಪದಗಳೇ. ಕಾನೂನಿನ ದಿನ ಮತ್ತು ಸಾಫ್ಟ್‌ವೇರಿನ ದಿನ ಬೇರೆ ಬೇರೆ ಆಗಿರುವವರೆಗೆ 45 ದಿನದ ನಿಯಮ ಕಾಗದದ ಮೇಲೇ ಉಳಿಯುತ್ತದೆ ಎಂಬುದು ನನ್ನ ವಾದ.

ಎರಡು ಪುಸ್ತಕ, ಎರಡು ತಾರೀಖು

ಇಆರ್‌ಪಿ ಎಂದರೆ ಒಂದು ಸಂಸ್ಥೆಯ ಖರೀದಿ, ಸ್ಟೋರ್ಸ್, ಉತ್ಪಾದನೆ, ಮಾರಾಟ, ಲೆಕ್ಕಪತ್ರ ಎಲ್ಲವನ್ನೂ ಒಂದೇ ದತ್ತಾಂಶದ ಮೇಲೆ ನಡೆಸುವ ಸಾಫ್ಟ್‌ವೇರ್. ಇಲ್ಲಿನ ದೊಡ್ಡ ಕಾರ್ಖಾನೆಗಳಲ್ಲಿ ಹೆಚ್ಚಾಗಿ ಕಾಣಿಸುವುದು ಎಸ್‌ಎಪಿ ಮತ್ತು ಒರಾಕಲ್. ಎಸ್‌ಎಪಿ 1972ರಲ್ಲಿ ಜರ್ಮನಿಯಲ್ಲಿ ಐಬಿಎಂ ಬಿಟ್ಟುಬಂದ ಐವರು ಎಂಜಿನಿಯರುಗಳಿಂದ ಶುರುವಾದ ಕಂಪನಿ. 1998ರಿಂದ ಅದರ ದೊಡ್ಡ ಅಭಿವೃದ್ಧಿ ಕೇಂದ್ರ ಬೆಂಗಳೂರಿನಲ್ಲೇ ಇದೆ. ಇತ್ತ ಸಣ್ಣ ಕಾರ್ಖಾನೆಯ ಮೇಜಿನ ಮೇಲಿರುವುದು ಸಾಮಾನ್ಯವಾಗಿ ಟ್ಯಾಲಿ, ಅದೂ ಬೆಂಗಳೂರಿನ ಕಂಪನಿಯದೇ.

ಸಪ್ಲೈಯರ್ ಬಿಲ್ ಮಾಡಿದ ದಿನವೇ ಟ್ಯಾಲಿಯಲ್ಲಿ ಮಾರಾಟ ದಾಖಲಾಗುತ್ತದೆ, ಗ್ರಾಹಕರ ಹೆಸರಿನಲ್ಲಿ ಬಾಕಿ ಕಾಣಿಸುತ್ತದೆ. ಅದೇ ವ್ಯವಹಾರ ಕೊಳ್ಳುವವರ ಇಆರ್‌ಪಿಯಲ್ಲಿ ಆ ದಿನ ಇರುವುದೇ ಇಲ್ಲ. ಮಾಲು ಗೇಟಿಗೆ ಬಂದಾಗ ಗೇಟ್ ಎಂಟ್ರಿ ಬೀಳುತ್ತದೆ. ಅದು ಸೆಕ್ಯುರಿಟಿಯವರ ದಾಖಲೆ, ಲೆಕ್ಕದ ದಾಖಲೆಯಲ್ಲ. ಎಷ್ಟೋ ಕಡೆ ಅದು ಇವತ್ತಿಗೂ ರಿಜಿಸ್ಟರ್ ಪುಸ್ತಕದಲ್ಲೇ ಇದೆ. ಮಾಲು ಇನ್‌ವರ್ಡ್‌ಗೆ ಬಂದು, ಎಣಿಕೆಯಾಗಿ, ಗುಣಮಟ್ಟ ಪರೀಕ್ಷೆ (ಕ್ಯೂಸಿ) ಮುಗಿದ ಮೇಲೆ ಸ್ಟೋರ್ಸ್‌ನವರು ಜಿಆರ್‌ಎನ್ ಮಾಡುತ್ತಾರೆ, ಅಂದರೆ ಸರಕು ಬಂದಿದೆ ಎಂದು ಸಿಸ್ಟಂನಲ್ಲಿ ಒಪ್ಪಿಕೊಳ್ಳುತ್ತಾರೆ. ಕೆಲವರು ಇದನ್ನೇ ಎಂಆರ್‌ಎನ್ ಎನ್ನುತ್ತಾರೆ. ಎಸ್‌ಎಪಿಯಲ್ಲಿ ಮಾಲನ್ನು ಪರೀಕ್ಷೆಗೆಂದು ಬ್ಲಾಕ್ ಆದ ಸ್ಟಾಕಿನಲ್ಲಿ ಸ್ವೀಕರಿಸುವ ದಾರಿಯೂ ಇದೆ. ಹಾಗೆ ಇಟ್ಟಾಗ ಪೆಟ್ಟಿಗೆ ಸ್ಟೋರ್ಸ್‌ನ ಕಪಾಟಿನಲ್ಲಿದ್ದರೂ ಕಂಪನಿಯ ಲೆಕ್ಕಪುಸ್ತಕದಲ್ಲಿ ಒಂದು ರೂಪಾಯಿಯ ನಮೂದೂ ಆಗುವುದಿಲ್ಲ.

ಪೂರ್ಣ ಜಿಆರ್‌ಎನ್ ಆದ ಮೇಲೂ ಸಪ್ಲೈಯರ್ ಹೆಸರಿನಲ್ಲಿ ಸಾಲ ಕಾಣಿಸುವುದಿಲ್ಲ. ಆ ಮೊತ್ತ ಜಿಆರ್-ಐಆರ್ ಎಂಬ ಮಧ್ಯಂತರ ಖಾತೆಯಲ್ಲಿ ಕೂರುತ್ತದೆ: ಮಾಲು ಬಂದಿದೆ, ಬಿಲ್ ಇನ್ನೂ ಹತ್ತಿಲ್ಲ ಎಂಬ ಖಾತೆ. ಅಕೌಂಟ್ಸ್‌ನವರು ಬಿಲ್ ಪಾಸಿಂಗ್ ಮಾಡಿದ ಮೇಲಷ್ಟೇ ಅದು ವೆಂಡರ್, ಅಂದರೆ ಸಪ್ಲೈಯರ್, ಖಾತೆಗೆ ಬರುತ್ತದೆ. ಸಪ್ಲೈಯರ್ ತನಗೆ ಐದು ಲಕ್ಷ ಬರಬೇಕು ಎನ್ನುವಾಗ, ಕಂಪನಿಯ ಅಕೌಂಟ್ಸ್‌ನವರು ಸ್ಕ್ರೀನ್ ನೋಡಿ ನಿಮ್ಮ ಹೆಸರಲ್ಲಿ ಏನೂ ಬಾಕಿ ಇಲ್ಲವಲ್ಲ ಎನ್ನುವುದು ಹೀಗೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಪೀಣ್ಯದ ಯಾವ ಶಾಪ್‌ನಲ್ಲಿ ಕೂತರೂ ಇಂಥ ಫೋನ್ ಮಾತು ಕೇಳಿಸುತ್ತದೆ:

“ಸರ್, ಮೂರನೇ ತಾರೀಖು ಕಳಿಸಿದ ಮಾಲಿಗೆ ಜಿಆರ್‌ಎನ್ ಆಯ್ತಾ?”

“ಇನ್ನೂ ಕ್ಯೂಸೀಲಿ ಇದೆ ಸರ್.”

“ಮಾಲು ಆಗ್ಲೇ ಲೈನಿಗೆ ಹೋಗಿದೆಯಂತಲ್ಲ?”

“ಅರ್ಜೆಂಟ್ ಇತ್ತು, ತಗೊಂಡಿದ್ದಾರೆ. ಸಿಸ್ಟಂನಲ್ಲಿ ಆಗ್ಬೇಕಲ್ಲ ಸರ್.”

ಬಿಡಿಭಾಗ ಯಂತ್ರಕ್ಕೆ ಜೋಡಣೆಯಾಗಿ, ಯಂತ್ರ ಮಾರಾಟವೂ ಆಗಿ, ಬಿಡಿಭಾಗ ಬಂದಿರುವುದೇ ಸಿಸ್ಟಂಗೆ ಗೊತ್ತಿಲ್ಲದ ಪರಿಸ್ಥಿತಿ ಹೀಗೆ ಹುಟ್ಟುತ್ತದೆ.

ಕಾಯ್ದೆ ಹೇಳುವ ದಿನ

ಎಂಎಸ್‌ಎಂಇಡಿ ಕಾಯ್ದೆಗೆ ಜಿಆರ್‌ಎನ್ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ‘ಸ್ವೀಕಾರದ ದಿನ’. ಸ್ವೀಕಾರದ ದಿನವೆಂದರೆ ಸರಕು ನಿಜವಾಗಿ ತಲುಪಿದ ದಿನ. ತಲುಪಿದ 15 ದಿನದೊಳಗೆ ಕೊಳ್ಳುವವರು ಲಿಖಿತವಾಗಿ ಆಕ್ಷೇಪಣೆ ಎತ್ತಿದರೆ ಮಾತ್ರ, ಸಪ್ಲೈಯರ್ ಆ ದೋಷ ಸರಿಪಡಿಸಿದ ದಿನ ಸ್ವೀಕಾರದ ದಿನವಾಗುತ್ತದೆ. 15 ದಿನದಲ್ಲಿ ಲಿಖಿತ ಆಕ್ಷೇಪಣೆ ಬರದಿದ್ದರೆ ಮಾಲು ಒಪ್ಪಿದಂತೆಯೇ, ಅದೂ ಹದಿನೈದನೇ ದಿನದಿಂದಲ್ಲ, ತಲುಪಿದ ಮೊದಲ ದಿನದಿಂದ. ಈ ಕೊನೆಯ ಮಾತನ್ನು ಓದಿ ನೋಡಿದವರು ಕಡಿಮೆ. ಕಂಪನಿಯ ವೆಂಡರ್ ಪೋರ್ಟಲ್‌ನಲ್ಲಿ ‘ಕ್ಯೂಸಿ ಪೆಂಡಿಂಗ್’ ಎಂದು ತೋರಿಸುವುದು ಲಿಖಿತ ಆಕ್ಷೇಪಣೆ ಅಲ್ಲ. ಪರೀಕ್ಷೆ ಇನ್ನೂ ಆಗಿಲ್ಲ ಎಂದರೆ ದೋಷ ಕಂಡಿದೆ ಎಂದಾಗುವುದಿಲ್ಲ.

ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ ದುಡ್ಡು ಕೊಡಬೇಕು. ಒಪ್ಪಂದ ಇದ್ದರೆ ಅದರಂತೆ, ಆದರೆ ಯಾವ ಕಾರಣಕ್ಕೂ 45 ದಿನ ಮೀರುವಂತಿಲ್ಲ. ಪಿಒ ಕೆಳಗೆ ‘ಜಿಆರ್‌ಎನ್ ದಿನದಿಂದ 90 ದಿನ’ ಎಂದು ಅಚ್ಚಾಗಿದ್ದರೂ ಸೂಕ್ಷ್ಮ ಮತ್ತು ಸಣ್ಣ ಉದ್ಯಮದ ವಿಷಯದಲ್ಲಿ ಆ ಷರತ್ತಿಗೆ ಬೆಲೆಯಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿಯ ಲೆಕ್ಕದಲ್ಲಿ. 2025ರ ಡಿಸೆಂಬರ್‌ನಲ್ಲಿ ಬ್ಯಾಂಕ್ ದರ ಶೇ 5.50ಕ್ಕೆ ಇಳಿಯಿತು. ಅದರ ಮೂರು ಪಟ್ಟು ಶೇ 16.5.

ಒಂದು ಲೆಕ್ಕ ಹಾಕಿ ನೋಡೋಣ. ಜುಲೈ 3ರಂದು ಐದು ಲಕ್ಷದ ಮಾಲು ತಲುಪಿತು ಎಂದಿಟ್ಟುಕೊಳ್ಳಿ. ಶೇ 18 ಜಿಎಸ್‌ಟಿ 90,000 ಸೇರಿ ಬಿಲ್ 5.90 ಲಕ್ಷ. ಕಾಯ್ದೆ ಪ್ರಕಾರ ಆಗಸ್ಟ್ 17ಕ್ಕೆ 45 ದಿನ ಮುಗಿಯುತ್ತದೆ. ಆದರೆ ಜಿಆರ್‌ಎನ್ ಆಗಿದ್ದು ಜುಲೈ 18ಕ್ಕೆ. ಕಂಪನಿಯ ಸಿಸ್ಟಂನಲ್ಲಿ ಷರತ್ತು ‘ಜಿಆರ್‌ಎನ್‌ನಿಂದ 45 ದಿನ’ ಎಂದಿದೆ. ಅವರ ಪ್ರಕಾರ ಅವರು ಕಾನೂನು ಪಾಲಿಸುತ್ತಲೇ ಇದ್ದಾರೆ. ಹಾಗೆ ಲೆಕ್ಕ ಹಾಕಿದರೆ ಕೊನೆಯ ದಿನ ಸೆಪ್ಟೆಂಬರ್ 1. ಪೇಮೆಂಟ್ ರನ್ ನಡೆಯುವುದು ತಿಂಗಳಿಗೆ ಎರಡೇ ಸಲ, 10 ಮತ್ತು 25ರಂದು. ದುಡ್ಡು ಬಂದದ್ದು ಸೆಪ್ಟೆಂಬರ್ 10ಕ್ಕೆ, ಕಾಯ್ದೆಯ ಗಡುವಿಗಿಂತ 24 ದಿನ ತಡವಾಗಿ. ಅದರ ಬಡ್ಡಿ ಸುಮಾರು 6,400 ರೂಪಾಯಿ. ಈ 24 ದಿನದಲ್ಲಿ ಯಾರೊಬ್ಬರೂ ದುಡ್ಡು ಕೊಡಬೇಡಿ ಎಂದು ಹೇಳಲಿಲ್ಲ, ಯಾವ ಮೀಟಿಂಗಿನಲ್ಲೂ ತೀರ್ಮಾನವಾಗಲಿಲ್ಲ.

ಅದೇ ಹೊತ್ತಿನಲ್ಲಿ ಜಿಎಸ್‌ಟಿಯ ದಿನಗಳು ಬೇರೆಯೇ ಓಡುತ್ತಿರುತ್ತವೆ. ತಿಂಗಳ ರಿಟರ್ನ್ ಹಾಕುವ ಸಪ್ಲೈಯರ್, ಜುಲೈ ಬಿಲ್ಲಿನ ತೆರಿಗೆಯನ್ನು ತನ್ನ ಇನ್‌ಪುಟ್ ಕ್ರೆಡಿಟ್ (ತಾನು ಕೊಂಡಾಗ ಕೊಟ್ಟ ತೆರಿಗೆ) ಕಳೆದು ಆಗಸ್ಟ್ 20ರೊಳಗೆ ಸರ್ಕಾರಕ್ಕೆ ಕಟ್ಟಲೇಬೇಕು, ಗ್ರಾಹಕರಿಂದ ನಯಾಪೈಸೆ ಬಂದಿರದಿದ್ದರೂ. ಕೊಳ್ಳುವವರಿಗೆ ಆ ಬಿಲ್ಲು ಆಗಸ್ಟ್ 14ರ ಜಿಎಸ್‌ಟಿಆರ್-2ಬಿ ಎಂಬ ತೆರಿಗೆ ಕ್ರೆಡಿಟ್ ಪಟ್ಟಿಯಲ್ಲಿ ಕಾಣಿಸುತ್ತದೆ, ಮಾಲು ಕೈಸೇರಿದ್ದರೆ ಅದರ ತೆರಿಗೆ ಕ್ರೆಡಿಟ್ ಪಡೆಯುತ್ತಾರೆ. ಸಪ್ಲೈಯರಿಗೆ ದುಡ್ಡು ಕೊಡಲು ಜಿಎಸ್‌ಟಿ ನಿಯಮ ಕೊಟ್ಟಿರುವ ಕಾಲಾವಕಾಶ 180 ದಿನ. ಅದು ಮೀರಿದರಷ್ಟೇ ಕ್ರೆಡಿಟ್ ವಾಪಸ್ ಮಾಡಬೇಕು. ಒಂದೇ ಬಿಲ್ಲಿಗೆ ಒಂದು ಕಾನೂನು 45 ದಿನ ಎಂದರೆ ಇನ್ನೊಂದು 180 ದಿನ ಎನ್ನುತ್ತದೆ. ಸಣ್ಣ ಉದ್ಯಮದ ದುಡಿಯುವ ಬಂಡವಾಳದಿಂದ ತೆರಿಗೆ ಕಟ್ಟಿಸಿ, ಅದರ ಕ್ರೆಡಿಟನ್ನು ದೊಡ್ಡ ಉದ್ಯಮ ಮೊದಲೇ ಬಳಸಿಕೊಳ್ಳುವ ಈ ಏರ್ಪಾಡು ನ್ಯಾಯವಲ್ಲ ಎಂದು ನಾನು ನೇರವಾಗಿಯೇ ಹೇಳುತ್ತೇನೆ.

ಬಿಲ್ ಎಲ್ಲಿ ಸಿಕ್ಕಿಕೊಳ್ಳುತ್ತದೆ

ತ್ರೀ-ವೇ ಮ್ಯಾಚ್ ಒಳ್ಳೆಯ ವ್ಯವಸ್ಥೆ. ಪಿಒ, ಜಿಆರ್‌ಎನ್, ಬಿಲ್ ಈ ಮೂರರ ಪ್ರಮಾಣ ಮತ್ತು ದರ ತಾಳೆಯಾದರೆ ಮಾತ್ರ ಬಿಲ್ ಪಾಸ್. ಇಲ್ಲದ ಮಾಲಿಗೆ ಬಿಲ್ ಹಾಕುವುದು, ಪಿಒ ದರಕ್ಕಿಂತ ಹೆಚ್ಚು ದರ ಹಾಕುವುದು ಇದರಿಂದ ಕಷ್ಟವಾಗಿವೆ. ತೊಂದರೆ ಇರುವುದು ತಾಳೆಯಾಗದಾಗ ಏನಾಗುತ್ತದೆ ಎಂಬಲ್ಲಿ.

ಬೆಳಗಾವಿಯ ಫೌಂಡ್ರಿಗಳಲ್ಲಿ ಎರಕದ ದರ ಕೆಜಿ ಲೆಕ್ಕ. ಕೊಳ್ಳುವವರ ಪಿಒದಲ್ಲಿ ಅದೇ ಎರಕ ಕೆಲವೊಮ್ಮೆ ನಂಬರ್ ಲೆಕ್ಕದಲ್ಲಿ ಇರುತ್ತದೆ, ಪೀಸಿಗೆ ಇಂತಿಷ್ಟು ಕೆಜಿ ಎಂದು ಮಾಸ್ಟರಿನಲ್ಲಿ (ಸಿಸ್ಟಂನ ಮೂಲ ದಾಖಲೆಯಲ್ಲಿ) ತುಂಬಿರುತ್ತಾರೆ. ಪೀಸಿನ ತೂಕ ನೂರಿನ್ನೂರು ಗ್ರಾಂ ಏರಿದರೆ ಬಿಲ್ಲಿನ ಮೊತ್ತಕ್ಕೂ ಪಿಒ ಮೊತ್ತಕ್ಕೂ ವ್ಯತ್ಯಾಸ ಬರುತ್ತದೆ. ಸಿಸ್ಟಂನಲ್ಲಿ ಇಟ್ಟ ಟಾಲರೆನ್ಸ್ (ಒಪ್ಪಬಹುದಾದ ವ್ಯತ್ಯಾಸ) ಮೀರಿದರೆ ಬಿಲ್ ಬ್ಲಾಕ್. ಡ್ರಾಯಿಂಗ್ ರಿವಿಜನ್ ಬದಲಾಗಿ ಹೊಸ ದರ ಫೋನಿನಲ್ಲಿ ಒಪ್ಪಿಯಾಗಿರುತ್ತದೆ, ಪರ್ಚೇಸ್‌ನವರು ಪಿಒ ಅಮೆಂಡ್ ಮಾಡಿರುವುದಿಲ್ಲ, ಆಗಲೂ ಬ್ಲಾಕ್. ಸ್ಟೀಲ್ ದರ ಏರಿಳಿದಾಗ ಮೂರು ತಿಂಗಳಿಗೊಮ್ಮೆ ಹಿಂದಿನ ತಾರೀಖಿನಿಂದ ದರ ಪರಿಷ್ಕರಣೆ ಮಾಡುವ ಕಡೆಗಳಲ್ಲಂತೂ ಸಪ್ಲಿಮೆಂಟರಿ ಬಿಲ್ಲುಗಳದ್ದೇ ಪ್ರತ್ಯೇಕ ಗೋಳು.

ಬ್ಲಾಕ್ ಆದ ಬಿಲ್ಲು ತಾನಾಗಿ ಯಾರಿಗೂ ದೂರು ಹೇಳುವುದಿಲ್ಲ. ಅಕೌಂಟ್ಸ್‌ನವರು ಅದು ಪರ್ಚೇಸ್ ಸಮಸ್ಯೆ ಎನ್ನುತ್ತಾರೆ, ಪರ್ಚೇಸ್‌ನವರು ಸ್ಟೋರ್ಸ್ ಕಡೆ ಕೈ ತೋರಿಸುತ್ತಾರೆ. ಸಪ್ಲೈಯರ್ ಫೋನ್ ಮಾಡಿದಾಗಲೇ ಅದು ಹೊರಬರುವುದು. ಹತ್ತು ಜನರ ಶಾಪ್‌ನಲ್ಲಿ ಮಾಲೀಕರೇ ಎಂಜಿನಿಯರ್, ಮಾಲೀಕರೇ ಕ್ಯಾಷಿಯರ್. ಅವರು ದಿನದ ಒಂದೆರಡು ಗಂಟೆ ಇಂಥ ಫೋನಿನಲ್ಲೇ ಕಳೆಯುತ್ತಾರೆ.

ಇನ್ನು ಬೇಸ್‌ಲೈನ್ ಡೇಟ್. ಪಾವತಿಯ ದಿನಗಳನ್ನು ಎಲ್ಲಿಂದ ಎಣಿಸಬೇಕು ಎಂಬುದಕ್ಕೆ ಸಾಫ್ಟ್‌ವೇರ್‌ನಲ್ಲಿ ಒಂದು ಸೆಟ್ಟಿಂಗ್ ಇರುತ್ತದೆ. ಬಿಲ್ಲಿನ ಮೇಲಿನ ತಾರೀಖು, ಬಿಲ್ಲನ್ನು ಲೆಕ್ಕಕ್ಕೆ ಹತ್ತಿಸಿದ ತಾರೀಖು, ಟೈಪ್ ಮಾಡಿದ ತಾರೀಖು, ಯಾವುದನ್ನಾದರೂ ಆರಿಸಬಹುದು. ಬಹುತೇಕ ವರ್ಷಗಳ ಹಿಂದೆ ಯಾರೋ ಒಬ್ಬ ಕನ್ಸಲ್ಟೆಂಟ್ ಅದನ್ನು ಹಾಕಿ ಹೋಗಿರುತ್ತಾರೆ. ಕಂಪನಿಯ ಫೈನಾನ್ಸ್ ಮುಖ್ಯಸ್ಥರಿಗೂ ಅದು ಹೇಗಿದೆ ಎಂದು ಗೊತ್ತಿರುವುದಿಲ್ಲ. ಸಾಫ್ಟ್‌ವೇರನ್ನು ಬೈದು ಪ್ರಯೋಜನವಿಲ್ಲ, ಅದು ಮನುಷ್ಯರ ಆಯ್ಕೆಯನ್ನು ಪಾಲಿಸುತ್ತದೆ ಅಷ್ಟೇ.

ಸ್ಟಾಕ್ ಯಾರದು?

ಸಪ್ಲೈ ಚೈನ್‌ನವರು ಅಭಿಮಾನದಿಂದ ಹೇಳುವ ಇನ್ನೊಂದು ಗುಂಪಿನ ಪದಗಳಿವೆ: ಜಸ್ಟ್ ಇನ್ ಟೈಂ, ವಿಎಂಐ (ಕೊಳ್ಳುವವರ ದಾಸ್ತಾನನ್ನು ಸಪ್ಲೈಯರೇ ನೋಡಿಕೊಳ್ಳುವುದು), ಕನ್‌ಸೈನ್‌ಮೆಂಟ್ ಸ್ಟಾಕ್. ಬೇಕಾದಾಗ, ಬೇಕಾದಷ್ಟೇ ಮಾಲು ಎಂಬ ಜಪಾನಿನ ಟೊಯೋಟಾ ಪದ್ಧತಿ ಇಡೀ ಸರಪಳಿಯಲ್ಲಿ ದಾಸ್ತಾನು ಕಡಿಮೆ ಮಾಡಲೆಂದು ಹುಟ್ಟಿದ್ದು. ಅದಕ್ಕೆ ಬೇಕಾದ್ದು ಏರುಪೇರಿಲ್ಲದ ಷೆಡ್ಯೂಲ್. ಕೊಳ್ಳುವವರು ಷೆಡ್ಯೂಲನ್ನು ವಾರಕ್ಕೊಮ್ಮೆ ಅಲುಗಾಡಿಸುತ್ತಾ ಜಸ್ಟ್ ಇನ್ ಟೈಂ ಎಂದರೆ ದಾಸ್ತಾನು ಕರಗುವುದಿಲ್ಲ, ಸಪ್ಲೈಯರ್ ಶೆಡ್ಡಿಗೆ ಜಾಗ ಬದಲಿಸುತ್ತದೆ. ಮಾರುಕಟ್ಟೆಯ ತುದಿಯಲ್ಲಿ ಆಗುವ ಸಣ್ಣ ಏರಿಳಿತ ಸರಪಳಿಯ ಹಿಂದಿನ ಕೊಂಡಿಗಳಿಗೆ ಹೋದಂತೆ ದೊಡ್ಡದಾಗುವ ಈ ಪ್ರವೃತ್ತಿಗೆ ಬುಲ್‌ವಿಪ್ ಎಫೆಕ್ಟ್ ಎನ್ನುತ್ತಾರೆ. ಎಲ್ಲರಿಗಿಂತ ಹಿಂದಿರುವ ಕೊಂಡಿ ಎಂದರೆ ನಮ್ಮ ಫೌಂಡ್ರಿ, ನಮ್ಮ ಟರ್ನಿಂಗ್ ಶಾಪ್.

ಕನ್‌ಸೈನ್‌ಮೆಂಟ್‌ನಲ್ಲಿ ಇದು ಇನ್ನೂ ಮುಂದೆ ಹೋಗುತ್ತದೆ. ಮಾಲು ಕೊಳ್ಳುವವರ ಸ್ಟೋರ್ಸ್‌ನಲ್ಲೇ ಇದ್ದರೂ ಅವರು ಕಪಾಟಿನಿಂದ ತೆಗೆದು ಬಳಸುವವರೆಗೆ ಅದು ಸಪ್ಲೈಯರ್‌ನದೇ. ಬಳಸಿದ ಮೇಲೆ ಲೆಕ್ಕ, ಸಾಮಾನ್ಯವಾಗಿ ತಿಂಗಳಿಗೊಮ್ಮೆ. ಪಾವತಿಯ ದಿನ ಎಣಿಸಲು ಶುರು ಅಲ್ಲಿಂದ. ಒಪ್ಪಂದ ಮಾಡಿಕೊಂಡೇ ನಡೆಯುವ ವ್ಯವಹಾರವಾದ್ದರಿಂದ ಇದರಲ್ಲಿ ಮೋಸವಿಲ್ಲ. ಆದರೆ ಸಹಿ ಹಾಕುವ ಮುಂಚೆ ಮಾಲೀಕರು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಕಪಾಟಿನಲ್ಲಿ ಕೂತ ಆ ಮಾಲಿನ ಬಡ್ಡಿ ದರದಲ್ಲಿ ಸೇರಿದೆಯೇ? ಬ್ಯಾಂಕುಗಳು ಸಾಮಾನ್ಯವಾಗಿ 90 ದಿನ ದಾಟಿದ ಬಾಕಿಯನ್ನು ಡ್ರಾಯಿಂಗ್ ಪವರ್ (ಎತ್ತಬಹುದಾದ ಸಾಲದ ಮಿತಿ) ಲೆಕ್ಕದಿಂದ ತೆಗೆದುಬಿಡುತ್ತವೆ. ಬಾಕಿ ಹಳೆಯದಾದಷ್ಟೂ ಕ್ಯಾಷ್ ಕ್ರೆಡಿಟ್ (ಸಿಸಿ) ಖಾತೆಯಿಂದ ಎತ್ತಬಹುದಾದ ದುಡ್ಡು ಇಳಿಯುತ್ತದೆ. ದುಡ್ಡಿನ ಅಗತ್ಯ ಹೆಚ್ಚಿದ ಹೊತ್ತಿನಲ್ಲೇ ಹೀಗಾಗುತ್ತದೆ.

ಮಾರ್ಚ್‌ನ ಔಷಧ

ಈ ಸಮಸ್ಯೆಗೆ ಸರ್ಕಾರ ಏನೂ ಮಾಡಿಲ್ಲ ಎನ್ನುವಂತಿಲ್ಲ. 2017ರಲ್ಲಿ ಬಾಕಿಯ ದೂರು ದಾಖಲಿಸುವ ಸಮಾಧಾನ್ ಪೋರ್ಟಲ್ ಬಂತು. 45 ದಿನ ಮೀರಿದ ಬಾಕಿ ಇರುವ ಕಂಪನಿಗಳು ವರ್ಷಕ್ಕೆರಡು ಸಲ ಎಂಎಸ್‌ಎಂಇ-1 ಫಾರಂ ಸಲ್ಲಿಸಬೇಕು ಎಂಬ ನಿಯಮ 2019ರಲ್ಲಿ ಬಂತು. ಎಲ್ಲಕ್ಕಿಂತ ಸದ್ದು ಮಾಡಿದ್ದು 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆ ಕಾಯ್ದೆಗೆ ಸೇರಿಸಿದ 43ಬಿ(ಎಚ್) ಕಲಮು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಕಾಯ್ದೆಯ ಗಡುವಿನೊಳಗೆ ದುಡ್ಡು ಕೊಡದಿದ್ದರೆ, ಆ ಖರ್ಚನ್ನು ನಿಜವಾಗಿ ಕೊಟ್ಟ ವರ್ಷದಲ್ಲಷ್ಟೇ ಆದಾಯದಿಂದ ಕಳೆಯಬಹುದು. 2023-24ರ ಲೆಕ್ಕದಿಂದಲೇ ಇದು ಅನ್ವಯವಾಯಿತು, ಆ ಮಾರ್ಚ್‌ನಲ್ಲಿ ಅಕೌಂಟ್ಸ್ ವಿಭಾಗಗಳು ವೆಂಡರುಗಳ ಉದ್ಯಮ್ ಪ್ರಮಾಣಪತ್ರ (ಸಣ್ಣ ಉದ್ಯಮವೆಂಬ ಸರ್ಕಾರಿ ನೋಂದಣಿ) ಕೇಳಿ ಮೇಲ್ ಮೇಲೆ ಮೇಲ್ ಕಳಿಸಿದವು.

ಈ ನಿಯಮದ ಶಕ್ತಿಯೂ ಮಿತಿಯೂ ಒಂದೇ ಕಡೆ ಇದೆ. ಮೇ ತಿಂಗಳಲ್ಲಿ ಪಡೆದ ಮಾಲಿಗೆ ಡಿಸೆಂಬರ್‌ನಲ್ಲಿ ದುಡ್ಡು ಕೊಟ್ಟರೆ ಎರಡೂ ಅದೇ ಆರ್ಥಿಕ ವರ್ಷ, ಆದ್ದರಿಂದ ತೆರಿಗೆಯ ಪೆಟ್ಟು ಇಲ್ಲವೇ ಇಲ್ಲ. ವರ್ಷಾಂತ್ಯ ದಾಟುವ ಬಾಕಿಗಷ್ಟೇ ಅದು ತಗಲುವುದು. ಹಾಗಾಗಿ ಮಾರ್ಚ್ ಕೊನೆಯ ವಾರ ಹಳೇ ಬಾಕಿಗಳು ಬರುತ್ತವೆ, ಏಪ್ರಿಲ್‌ನಿಂದ ಮತ್ತೆ ಅದೇ ಕಥೆ. ಮಧ್ಯಮ ಉದ್ಯಮಕ್ಕೆ ಈ ರಕ್ಷಣೆ ಇಲ್ಲ, ವ್ಯಾಪಾರಿಗಳಿಗೂ ಇಲ್ಲ. 2025ರ ಏಪ್ರಿಲ್‌ನಿಂದ ಸಣ್ಣ ಉದ್ಯಮದ ಮಿತಿ 100 ಕೋಟಿ ವಹಿವಾಟು, 25 ಕೋಟಿ ಹೂಡಿಕೆಯವರೆಗೆ ಏರಿದ್ದರಿಂದ ರಕ್ಷಣೆಯ ವ್ಯಾಪ್ತಿಯೇನೋ ಹಿಗ್ಗಿದೆ.

ಟ್ರೆಡ್ಸ್ ಬಗ್ಗೆಯೂ ನಿರೀಕ್ಷೆ ದೊಡ್ಡದು. ಬಿಲ್ಲನ್ನು ಆನ್‌ಲೈನ್ ವೇದಿಕೆಯಲ್ಲಿ ಹಾಕಿದರೆ ಬ್ಯಾಂಕುಗಳು ಹರಾಜಿನಲ್ಲಿ ಬಡ್ಡಿ ದರ ಹೇಳಿ ಮುಂಗಡವಾಗಿ ದುಡ್ಡು ಕೊಡುತ್ತವೆ. ಮುಂದೆ ಕೊಳ್ಳುವವರು ಕೈಕೊಟ್ಟರೂ ಬ್ಯಾಂಕ್ ಸಪ್ಲೈಯರ್ ಬೆನ್ನು ಹತ್ತುವಂತಿಲ್ಲ. 250 ಕೋಟಿಗೂ ಹೆಚ್ಚು ವಹಿವಾಟಿನ ಕಂಪನಿಗಳು 2025ರ ಮಾರ್ಚ್ 31ರೊಳಗೆ ಇದಕ್ಕೆ ಸೇರಬೇಕಿತ್ತು. ಆದರೆ ಸೇರುವುದು ಬೇರೆ, ಬಿಲ್ಲುಗಳನ್ನು ಅದರ ಮೂಲಕ ಹಾಯಿಸುವುದು ಬೇರೆ. ಇನ್ನೂ ಮುಖ್ಯವಾದ ವಿಷಯವೆಂದರೆ ಹರಾಜಿಗೆ ಹೋಗುವ ಮುಂಚೆ ಬಿಲ್ಲನ್ನು ಕೊಳ್ಳುವವರು ಒಪ್ಪಬೇಕು. ಒಪ್ಪಲು ಜಿಆರ್‌ಎನ್ ಆಗಿರಬೇಕು, ಮ್ಯಾಚ್ ಆಗಿರಬೇಕು. ದುಡ್ಡು ಸಿಕ್ಕಿಹಾಕಿಕೊಳ್ಳುವ ಜಾಗ ದಾಟಿದ ಮೇಲೆ ಟ್ರೆಡ್ಸ್ ಶುರುವಾಗುತ್ತದೆ.

ದೂರು ಕೊಡಬಹುದಲ್ಲ ಎನ್ನಬಹುದು. ಬಾಕಿ ವಿವಾದ ಬಗೆಹರಿಸುವ ರಾಜ್ಯದ ಫೆಸಿಲಿಟೇಷನ್ ಕೌನ್ಸಿಲ್‌ಗೆ ಅರ್ಜಿ ಹಾಕುವ ಹಕ್ಕಿದೆ. ಕೌನ್ಸಿಲ್ ತೀರ್ಪನ್ನು ಪ್ರಶ್ನಿಸಬೇಕಾದರೆ ಕೊಳ್ಳುವವರು ಮೊತ್ತದ ಶೇ 75ನ್ನು ಮೊದಲು ಠೇವಣಿ ಇಡಬೇಕು. ಕಾಗದದ ಮೇಲೆ ಇದು ಗಟ್ಟಿ ಹಕ್ಕು. ಆದರೆ ಓಪನ್ ಪಿಒ ಎಂಬ ವ್ಯವಸ್ಥೆಯಲ್ಲಿ ಆರ್ಡರ್ ರದ್ದು ಮಾಡಲು ಪತ್ರ ಬರೆಯಬೇಕಿಲ್ಲ. ಪಿಒ ಹಾಗೇ ಇರುತ್ತದೆ, ಮುಂದಿನ ತಿಂಗಳ ಷೆಡ್ಯೂಲ್‌ನಲ್ಲಿ ಪ್ರಮಾಣ ಸೊನ್ನೆ ಎಂದು ಬರುತ್ತದೆ. ಸಾಲ ಮಾಡಿ ಮಷಿನ್ ತಂದವರು ಇದನ್ನು ಚೆನ್ನಾಗಿ ಬಲ್ಲರು. ಹಾಗಾಗಿ ಕೌನ್ಸಿಲ್‌ಗೆ ಹೋಗುವವರಲ್ಲಿ ಆ ಗ್ರಾಹಕರ ಜತೆ ಸಂಬಂಧ ಮುಗಿಯಿತು ಎಂದು ತೀರ್ಮಾನಿಸಿದವರೇ ಹೆಚ್ಚು. ವೆಂಡರ್ ರೇಟಿಂಗ್ ಎಂಬ ಪಟ್ಟಿಯಲ್ಲಿ ಸಪ್ಲೈಯರ್ ಒಂದು ದಿನ ತಡ ಮಾಡಿದರೂ ಅಂಕ ಕಡಿತ, ಲೈನ್ ನಿಂತರೆ ಡೆಬಿಟ್ ನೋಟ್. ದುಡ್ಡು ಕೊಡುವುದರಲ್ಲಿ ಕೊಳ್ಳುವವರು ಎಷ್ಟು ದಿನ ತಡ ಎಂಬ ಕಾಲಂ ಆ ಪಟ್ಟಿಯಲ್ಲಿ ನನಗೆ ಎಲ್ಲೂ ಕಂಡಿಲ್ಲ.

ಈಗ ಬದಲಾಯಿಸಲು ಸಿಗುವ ಅವಕಾಶ

ಸಪ್ಲೈಯರ್ ಕಡೆಯಿಂದ ಆಗಬೇಕಾದ್ದು ಹೆಚ್ಚೇನಿಲ್ಲ, ಆದರೆ ಶಿಸ್ತು ಬೇಕು. ಮಾಲು ಇಳಿಸಿದ ದಿನವೇ ಬಿಲ್ ಪ್ರತಿಯ ಮೇಲೆ ತಾರೀಖು ಸಮೇತ ಸೀಲು, ಗೇಟ್ ಎಂಟ್ರಿ ನಂಬರ್ ಪಡೆಯಿರಿ. ಆ ಒಂದು ಸೀಲು ಕಾನೂನಿನ ಎದುರು ಜಿಆರ್‌ಎನ್‌ಗಿಂತ ತೂಕದ್ದು. ಉದ್ಯಮ್ ನೋಂದಣಿ ಆರ್ಡರ್ ಪಡೆಯುವ ಮೊದಲೇ ಮಾಡಿಸಿ, ಆ ಸಂಖ್ಯೆ ಗ್ರಾಹಕರ ವೆಂಡರ್ ಮಾಸ್ಟರಿನಲ್ಲಿ ಏರಿದೆಯೇ ಎಂದು ಲಿಖಿತವಾಗಿ ಕೇಳಿ. ಅಲ್ಲಿ ಆ ಕಾಲಂ ಖಾಲಿ ಇದ್ದರೆ ಅವರ ಸಿಸ್ಟಂಗೆ ನೀವು ಸಣ್ಣ ಉದ್ಯಮವೇ ಅಲ್ಲ. ಪಿಒ ಕೈಸೇರಿದ ದಿನವೇ ದರ, ಅಳತೆಯ ಮಾನ, ಡ್ರಾಯಿಂಗ್ ರಿವಿಜನ್, ಪಾವತಿ ಷರತ್ತು ನೋಡಿ. ಮಾಲು ಹೊರಟ ಮೇಲೆ ನೋಡಿದರೆ ತಡವಾಯಿತು.

ದೊಡ್ಡ ಕಂಪನಿಗಳ ಕಡೆಯಿಂದ ಆಗಬೇಕಾದ್ದಕ್ಕೆ ಈಗಿನಷ್ಟು ಒಳ್ಳೆಯ ಸಮಯ ಮತ್ತೆ ಬರುವುದಿಲ್ಲ. ಎಸ್‌ಎಪಿಯ ಹಳೆಯ ಆವೃತ್ತಿ ಇಸಿಸಿಗೆ ಮುಖ್ಯ ಬೆಂಬಲ 2027ರ ಕೊನೆಗೆ ಮುಗಿಯುತ್ತದೆ. ಅದನ್ನು ಬಳಸುವ ಕಂಪನಿಗಳು ಹೊಸ ಆವೃತ್ತಿ ಎಸ್/4ಹಾನಾಗೆ ಬದಲಾಗುತ್ತಿವೆ, ವೆಂಡರ್ ಮಾಸ್ಟರ್, ಪಾವತಿ ಷರತ್ತು, ಬ್ಲಾಕ್ ನಿಯಮಗಳನ್ನೆಲ್ಲ ಹೊಸದಾಗಿ ಕೂತು ತೀರ್ಮಾನಿಸುತ್ತಿವೆ. ಆ ಕೆಲಸದ ದೊಡ್ಡ ಪಾಲು ನಡೆಯುವುದು ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ಸ್ ಸಿಟಿಯ ಕಚೇರಿಗಳಲ್ಲಿ, ಕನ್ನಡದ ಹುಡುಗ ಹುಡುಗಿಯರ ಕೈಯಲ್ಲೂ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಪಾವತಿ ಷರತ್ತಿನ ಮೀಟಿಂಗಿನಲ್ಲಿ ಮೂರು ವಿಷಯ ಎತ್ತಿ. ಉದ್ಯಮ್ ಸಂಖ್ಯೆ ಇರುವ ಸೂಕ್ಷ್ಮ ಮತ್ತು ಸಣ್ಣ ವೆಂಡರುಗಳಿಗೆ ಪ್ರತ್ಯೇಕ ಪಾವತಿ ಷರತ್ತು ಇರಲಿ, ಅದರ ಬೇಸ್‌ಲೈನ್ ಗೇಟ್ ಎಂಟ್ರಿ ತಾರೀಖಾಗಿರಲಿ. ಪರೀಕ್ಷೆಯಲ್ಲಿ 15 ದಿನ ದಾಟಿದ ಮಾಲಿನ ಪಟ್ಟಿ ಪ್ರತಿದಿನ ಕ್ಯೂಸಿ ಮುಖ್ಯಸ್ಥರಿಗೂ ಫೈನಾನ್ಸ್‌ಗೂ ತಾನಾಗಿ ಹೋಗಲಿ. ಬ್ಲಾಕ್ ಆದ ಬಿಲ್ಲಿನ ಕಾರಣ ವೆಂಡರ್ ಪೋರ್ಟಲ್‌ನಲ್ಲಿ ಸಪ್ಲೈಯರ್‌ಗೂ ಕಾಣಲಿ. ಇದಕ್ಕೆ ಹೊಸ ಕಾನೂನು ಬೇಡ, ಹೊಸ ಪೋರ್ಟಲ್ ಬೇಡ. ಇವತ್ತು ಆ ಸೆಟ್ಟಿಂಗ್ ಹಾಗೇ ಉಳಿದರೆ ಮುಂದಿನ ಹದಿನೈದು ಇಪ್ಪತ್ತು ವರ್ಷ ಅದೇ ಓಡುತ್ತದೆ.